ನರ್ಸ್‌ಗೆ ತನ್ನದೇ ಹೊಣೆ ವಿಮೆ ಬೇಕೆ?

"ಆಸ್ಪತ್ರೆಯವರು ವಿಮೆ ಮಾಡಿಸಿದ್ದಾರಲ್ಲ, ನನಗೆ ಬೇರೆ ಯಾಕೆ?" ಕೆಲಸದಲ್ಲಿ ಆದ ತಪ್ಪಿನಿಂದ ಬರುವ ಪರಿಹಾರ, ವಕೀಲರ ಖರ್ಚು ಇವನ್ನು ಹೊರುವ ವೃತ್ತಿ ಹೊಣೆ ವಿಮೆಯ ಮಾತು ಎತ್ತಿದ ಕೂಡಲೇ ನರ್ಸ್‌ಗಳು ಕೇಳುವ ಪ್ರಶ್ನೆ ಇದು. ಈ ಪ್ರಶ್ನೆಯಲ್ಲಿ ಹುರುಳಿದೆ. ಆದ್ದರಿಂದ ಆಸ್ಪತ್ರೆಯ ವಿಮೆ ಏನೇನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ, ಅದು ಏನು ಮಾಡುವುದಿಲ್ಲ ಎಂಬುದಕ್ಕೆ ಆಮೇಲೆ ಬರೋಣ.

ಕೆಲಸದ ಅವಧಿಯಲ್ಲಿ, ಕೆಲಸದ ಭಾಗವಾಗಿ ನೌಕರರು ಮಾಡಿದ ತಪ್ಪಿಗೆ ಕೆಲಸ ಕೊಟ್ಟವರು ಹೊಣೆ ಎಂಬುದು ಬಹುತೇಕ ದೇಶಗಳ ಕಾನೂನು ಒಪ್ಪಿದ ತತ್ವ. ಭಾರತದ ಸುಪ್ರೀಂ ಕೋರ್ಟ್ 1998ರಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅಲ್ಲಿ ನರ್ಸ್ ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್‌ನಿಂದ ಒಂದು ಮಗುವಿನ ಹೃದಯ ಸ್ತಬ್ಧವಾಗಿ ಮಿದುಳಿಗೆ ಹಾನಿಯಾಗಿತ್ತು. ಪರಿಹಾರದ ಹೊಣೆ ಆಸ್ಪತ್ರೆಯ ಮೇಲೆ ಬಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನೌಕರಿ ಮಾಡುವ ನರ್ಸ್‌ಗಳ ತಪ್ಪಿಗೆ ಪರಿಹಾರ ಕೊಡುವುದಕ್ಕೆಂದೇ ಆಸ್ಪತ್ರೆಗಳೆಲ್ಲ ಸೇರಿ ಹಣ ಹಾಕುವ ಪ್ರತ್ಯೇಕ ಯೋಜನೆಯಿದೆ. ಹೀಗಾಗಿ ರೋಗಿಗೆ ಕೊಡಬೇಕಾದ ಪರಿಹಾರ ಮಾತ್ರವೇ ನಿಮ್ಮ ಚಿಂತೆಯಾಗಿದ್ದರೆ, ಒಂದೇ ಆಸ್ಪತ್ರೆಯಲ್ಲಿ ಕಾಯಂ ನೌಕರಿಯಲ್ಲಿರುವ ವಾರ್ಡ್ ನರ್ಸ್‌ಗೆ ಸ್ವಂತ ಪಾಲಿಸಿಯ ತುರ್ತು ಅಷ್ಟಾಗಿ ಇಲ್ಲ.

ಆದರೆ ಒಂದು ತಪ್ಪು ನಡೆದ ಮೇಲೆ ನರ್ಸ್ ಎದುರಿಸಬೇಕಾದ ವಿಚಾರಣೆಗಳಲ್ಲಿ ಪರಿಹಾರದ ದಾವೆ ಒಂದು ಮಾತ್ರ. ನರ್ಸ್‌ಗಳ ಲೈಸೆನ್ಸ್ ನೋಡಿಕೊಳ್ಳುವ ನೋಂದಣಿ ಕೌನ್ಸಿಲ್ ಎದುರಿನ ವಿಚಾರಣೆ ಬೇರೆ, ಆಸ್ಪತ್ರೆಯ ಒಳಗಿನ ಶಿಸ್ತು ವಿಚಾರಣೆ ಬೇರೆ, ಅಪರೂಪಕ್ಕೆ ಬರುವ ಕ್ರಿಮಿನಲ್ ಕೇಸು ಬೇರೆ. ಆಸ್ಪತ್ರೆಯ ಪಾಲಿಸಿ ಸಾಮಾನ್ಯವಾಗಿ ಪರಿಹಾರದ ದಾವೆಗೆ ಮಾತ್ರ ನಿಲ್ಲುತ್ತದೆ.

ಅಮೆರಿಕದ ಟೆನೆಸಿ ರಾಜ್ಯದ ರಡಾಂಡಾ ವಾಟ್ ಪ್ರಕರಣವನ್ನು ಈ ದೃಷ್ಟಿಯಿಂದ ನೋಡಬೇಕು. 2017ರ ಡಿಸೆಂಬರ್‌ನಲ್ಲಿ ಸ್ಕ್ಯಾನಿಂಗ್‌ಗೆ ಬಂದಿದ್ದ ಹಿರಿಯ ರೋಗಿಯೊಬ್ಬರ ಆತಂಕ ಕಡಿಮೆ ಮಾಡಲು ಮಿಡಜೋಲಾಮ್ ಕೊಡಬೇಕಿತ್ತು. ಅದರ ಬ್ರ್ಯಾಂಡ್ ಹೆಸರು ವರ್ಸೆಡ್. ಔಷಧಿ ಕ್ಯಾಬಿನೆಟ್ಟಿನ ಯಂತ್ರದಲ್ಲಿ ಆ ಹೆಸರಿನ ಮೊದಲೆರಡು ಅಕ್ಷರ ಟೈಪ್ ಮಾಡಿದಾಗ ಅದು ಸಿಗಲಿಲ್ಲ, ಏಕೆಂದರೆ ಯಂತ್ರ ಹುಡುಕುತ್ತಿದ್ದುದು ಜನರಿಕ್ ಹೆಸರಿನಿಂದ. ಯಂತ್ರದ ತಡೆಯನ್ನು ದಾಟುವ ಓವರ್‌ರೈಡ್ ಒತ್ತಿ ಹುಡುಕಿದಾಗ ಅದೇ ಎರಡು ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ ಹೊರಬಂತು. ಇದು ಸ್ನಾಯುಗಳನ್ನೇ ಸ್ತಬ್ಧಗೊಳಿಸಿ ಉಸಿರಾಟ ನಿಲ್ಲಿಸುವ ಔಷಧಿ. ಮಿಡಜೋಲಾಮ್ ದ್ರವರೂಪದಲ್ಲಿ ಬರುತ್ತದೆ. ವೆಕ್ಯುರೋನಿಯಂ ಪುಡಿ, ಅದನ್ನು ಕರಗಿಸಿಕೊಂಡೇ ಕೊಡಬೇಕು. ಆ ವ್ಯತ್ಯಾಸವೂ ಕೈತಡೆಯಲಿಲ್ಲ. ರೋಗಿ ತೀರಿಕೊಂಡರು.

ಆಮೇಲಿನ ಕ್ರಮವನ್ನು ಗಮನಿಸಿ. ಆಸ್ಪತ್ರೆ ನರ್ಸ್ ಅನ್ನು ಕೆಲಸದಿಂದ ತೆಗೆಯಿತು, ರೋಗಿಯ ಕುಟುಂಬದೊಂದಿಗೆ ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡಿತು. ಪರಿಹಾರದ ಕತೆ ಅಲ್ಲಿಗೆ ಮುಗಿಯಿತು. 2018ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಆಕೆಯ ಲೈಸೆನ್ಸಿನ ಮೇಲೆ ಕ್ರಮ ಬೇಡವೆಂದಿತು. 2019ರಲ್ಲಿ ಅದೇ ಇಲಾಖೆ ಫೈಲು ಮತ್ತೆ ತೆರೆಯಿತು. 2021ರ ಜುಲೈನಲ್ಲಿ ನರ್ಸಿಂಗ್ ಮಂಡಳಿ ಲೈಸೆನ್ಸ್ ರದ್ದು ಮಾಡಿತು. 2022ರ ಮಾರ್ಚ್‌ನಲ್ಲಿ ಜ್ಯೂರಿ ಆಕೆಯನ್ನು ತಪ್ಪಿತಸ್ಥೆ ಎಂದಿತು, ಮೇ ತಿಂಗಳಲ್ಲಿ ಮೂರು ವರ್ಷಗಳ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾ, ವಿಧಿಸಲಾಯಿತು. ಆಸ್ಪತ್ರೆಯ ಮಟ್ಟಿಗೆ ವಿಷಯ ಇತ್ಯರ್ಥವಾದ ಮೇಲೆ ನಾಲ್ಕು ವರ್ಷ ನಡೆದುದೆಲ್ಲ ಒಬ್ಬ ವ್ಯಕ್ತಿಯ ಹೆಸರಿನ ಮೇಲೆ.

ಸ್ವಂತ ಪಾಲಿಸಿ ಇದ್ದರೆ ಇದೆಲ್ಲವೂ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ರಿಮಿನಲ್ ಶಿಕ್ಷೆ, ದಂಡ ಯಾವ ವಿಮೆಯಲ್ಲೂ ಬರುವುದಿಲ್ಲ. ಕ್ರಿಮಿನಲ್ ಕೇಸಿನ ವಕೀಲರ ಖರ್ಚನ್ನೂ ಹೆಚ್ಚಿನ ಹೊಣೆ ಪಾಲಿಸಿಗಳು ಕೊಡುವುದಿಲ್ಲ. ಆದರೆ ಮಂಡಳಿಯ ಎದುರು ನಿಲ್ಲಲು ವಕೀಲರನ್ನು ಇಟ್ಟುಕೊಳ್ಳುವ ಹಣ ಸ್ವಂತ ಪಾಲಿಸಿಯಲ್ಲಿ ಸಿಗುತ್ತದೆ, ಆಸ್ಪತ್ರೆಯ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನರ್ಸ್ ಪ್ರೀಮಿಯಂ ಕಟ್ಟುವುದಕ್ಕೆ ಮುಖ್ಯ ಕಾರಣ ಇದೇ. ದೊಡ್ಡ ಪರಿಹಾರದ ಭಯ ಎರಡನೆಯದು. ಕೋರ್ಟಿಗೇ ಹೋಗದ ದೂರುಗಳು, ಅಂದರೆ ಔಷಧಿ ಎಣಿಕೆಯಲ್ಲಿ ವ್ಯತ್ಯಾಸ, ರೋಗಿಯ ಮಾಹಿತಿ ಹೊರಹೋದ ಆರೋಪ, ಸಹೋದ್ಯೋಗಿ ಬರೆದ ಪತ್ರ, ಇವೆಲ್ಲ ನೇರವಾಗಿ ಕೌನ್ಸಿಲ್‌ಗೆ ಹೋಗುತ್ತವೆ. ಅಲ್ಲಿ ಆಸ್ಪತ್ರೆ ನಿಮ್ಮ ಪಕ್ಕದಲ್ಲಿ ಇರಬೇಕಾಗಿಲ್ಲ. ಕೆಲವೊಮ್ಮೆ ದೂರು ಕೊಟ್ಟವರೇ ಅವರಾಗಿರುತ್ತಾರೆ.

ಇನ್ನು ವಕೀಲರ ಪ್ರಶ್ನೆ. ಆಸ್ಪತ್ರೆಯ ವಿಮೆಯಿಂದ ಬರುವ ವಕೀಲರು ಒಳ್ಳೆಯವರೇ ಇರಬಹುದು, ನಿಮ್ಮ ಜೊತೆ ಸೌಜನ್ಯದಿಂದಲೇ ಮಾತಾಡಬಹುದು. ಅವರ ನಿಷ್ಠೆ ಮಾತ್ರ ಆಸ್ಪತ್ರೆಗೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಮೇಲೆ ಹದಿನಾಲ್ಕು ಹಾಸಿಗೆ ಇತ್ತು, ಹತ್ತು ಗಂಟೆಗೇ ಮೇಲ್ವಿಚಾರಕರಿಗೆ ಫೋನ್ ಮಾಡಿ ಇನ್ನೊಬ್ಬರು ಬೇಕೆಂದು ಕೇಳಿದ್ದರು, ಯಾರೂ ಬರಲಿಲ್ಲ ಎಂದುಕೊಳ್ಳಿ. ಮೂರು ಗಂಟೆಗೆ ರೋಗಿ ಬಿದ್ದರು. ನರ್ಸ್‌ನ ಪಾಲಿಗೆ ಅತ್ಯುತ್ತಮ ಸಮರ್ಥನೆ ಆ ಫೋನ್ ಕರೆ. ಆಸ್ಪತ್ರೆಗೆ ಅದೇ ಅತಿ ದೊಡ್ಡ ತೊಡಕು. ಆಸ್ಪತ್ರೆಯ ವಕೀಲರು ಆ ಕರೆಯ ದಾಖಲೆಯನ್ನು ಕೋರ್ಟಿನ ಮುಂದೆ ಇಡಲು ಉತ್ಸಾಹ ತೋರುವುದಿಲ್ಲ. "ನಮ್ಮ ಪ್ರೋಟೋಕಾಲ್ ಸರಿಯಾಗಿಯೇ ಇತ್ತು, ನರ್ಸ್ ಪಾಲಿಸಲಿಲ್ಲ" ಎನ್ನುವುದು ಆಸ್ಪತ್ರೆಗೆ ಹೆಚ್ಚು ಅನುಕೂಲದ ವಾದ.

ಕೆಲಸ ಕೊಟ್ಟವರು ಪರಿಹಾರ ಕೊಟ್ಟ ಮೇಲೆ ಅದನ್ನು ನೌಕರರಿಂದ ವಸೂಲು ಮಾಡಬಹುದೇ? ಇದಕ್ಕೆ ಉತ್ತರ ಇಂಗ್ಲೆಂಡಿನ 1957ರ ಲಿಸ್ಟರ್ ಪ್ರಕರಣದಲ್ಲಿದೆ. ಲಾರಿ ಹಿಂದಕ್ಕೆ ತೆಗೆಯುವಾಗ ಮಗನೊಬ್ಬ ಅದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ತಂದೆಗೇ ಗುದ್ದಿದ. ಕಂಪನಿಯ ವಿಮಾದಾರರು ತಂದೆಗೆ ಪರಿಹಾರ ಕೊಟ್ಟರು, ಆಮೇಲೆ ಕಂಪನಿಯ ಹೆಸರಿನಲ್ಲಿ ಮಗನ ಮೇಲೆ ದಾವೆ ಹೂಡಿದರು. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ವಿಮಾದಾರರ ಪರವಾಗಿ ತೀರ್ಪು ಕೊಟ್ಟಿತು. ಟೀಕೆ ಎದ್ದ ಮೇಲೆ ಬ್ರಿಟನ್ನಿನ ವಿಮಾದಾರರು, ಒಳಸಂಚು ಅಥವಾ ಬೇಕೆಂದೇ ಮಾಡಿದ ತಪ್ಪು ಇದ್ದರೆ ಮಾತ್ರ ನೌಕರರ ಬೆನ್ನು ಹತ್ತುತ್ತೇವೆ ಎಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡರು. ಆಸ್ಟ್ರೇಲಿಯಾ 1984ರ ವಿಮಾ ಒಪ್ಪಂದ ಕಾಯ್ದೆಯಲ್ಲಿ ಇಂಥ ವಸೂಲಿಗೆ ಕಡಿವಾಣ ಹಾಕಿತು. ಎಲ್ಲ ಕಡೆ ಇಂಥ ರಕ್ಷಣೆ ಇಲ್ಲ. ಆದ್ದರಿಂದ ನಿಮ್ಮ ನೇಮಕಾತಿ ಪತ್ರದಲ್ಲಿ "ನೌಕರರ ನಿರ್ಲಕ್ಷ್ಯದಿಂದ ಸಂಸ್ಥೆಗಾದ ನಷ್ಟವನ್ನು ನೌಕರರೇ ತುಂಬಿಕೊಡತಕ್ಕದ್ದು" ಎಂಬಂಥ ಸಾಲು ಇದೆಯೇ ಎಂದು ಹುಡುಕಿ. ಇದ್ದರೆ ಸ್ವಂತ ವಿಮೆಯ ಲೆಕ್ಕವೇ ಬೇರೆಯಾಗುತ್ತದೆ.

ವಿಮೆ ಕಡ್ಡಾಯವಾಗಿರುವ ದೇಶಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬ್ರಿಟನ್ನಿನಲ್ಲಿ 2014ರ ಜುಲೈನಿಂದ ನೋಂದಾಯಿತ ನರ್ಸ್ ವೃತ್ತಿ ನಡೆಸಲು ಸೂಕ್ತ ವಿಮಾ ರಕ್ಷಣೆ ಇರಲೇಬೇಕು, ಆಸ್ಟ್ರೇಲಿಯಾದಲ್ಲೂ ಹಾಗೆಯೇ. ಆದರೆ ಅದನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ, ಕೆಲಸ ಕೊಟ್ಟವರ ವಿಮೆ ಸಾಕು. ಸಾಕಾಗದೆ ಹೋಗುವುದು ಸ್ವತಂತ್ರವಾಗಿ ಕೆಲಸ ಮಾಡುವವರಿಗೆ. 2017ರ ಜನವರಿಯಲ್ಲಿ ಬ್ರಿಟನ್ನಿನ ನರ್ಸಿಂಗ್ ಮತ್ತು ಸೂಲಗಿತ್ತಿ ಮಂಡಳಿ, ಸ್ವತಂತ್ರ ಸೂಲಗಿತ್ತಿಯರ ಸಂಘ ತನ್ನ ಸದಸ್ಯರಿಗೆ ಮಾಡಿಕೊಂಡಿದ್ದ ವಿಮಾ ಏರ್ಪಾಡು ಸೂಕ್ತವಲ್ಲ ಎಂದು ತೀರ್ಮಾನಿಸಿತು. ಅದನ್ನು ನಂಬಿಕೊಂಡಿದ್ದವರು ಹೆರಿಗೆ ಮಾಡಿಸುವುದನ್ನೇ ನಿಲ್ಲಿಸಬೇಕಾಯಿತು, ತುಂಬು ಗರ್ಭಿಣಿಯರು ಬೇರೆಯವರನ್ನು ಹುಡುಕಬೇಕಾಯಿತು. ಹೆರಿಗೆಯಲ್ಲಿ ಮಗುವಿನ ಮಿದುಳಿಗೆ ಹಾನಿಯಾದರೆ ಜೀವಮಾನದ ಆರೈಕೆಯ ವೆಚ್ಚವನ್ನು ಪರಿಹಾರವಾಗಿ ಕೊಡಬೇಕಾಗುತ್ತದೆ. ಸಂಘದ ನಿಧಿ ಅದನ್ನು ಹೊರುವಷ್ಟು ದೊಡ್ಡದಲ್ಲ ಎಂಬುದೇ ಮಂಡಳಿಯ ಆಕ್ಷೇಪದ ತಿರುಳು.

ಹಾಗಾದರೆ ಯಾರಿಗೆ ಸ್ವಂತ ಪಾಲಿಸಿ ಬೇಕೇ ಬೇಕು? ಮನೆಗೆ ಹೋಗಿ ಶುಶ್ರೂಷೆ ಮಾಡುವವರು, ಏಜೆನ್ಸಿ ಮೂಲಕ ಇವತ್ತೊಂದು ನಾಳೆಯೊಂದು ಆಸ್ಪತ್ರೆಗೆ ಹೋಗುವವರು, ಸ್ವಂತ ಕ್ಲಿನಿಕ್ ನಡೆಸುವವರು, ಔಷಧಿ ಬರೆಯುವ ಅಧಿಕಾರವಿರುವ ಉನ್ನತ ದರ್ಜೆಯ ನರ್ಸ್‌ಗಳು, ಚರ್ಮದ ಅಂದಕ್ಕಾಗಿ ಇಂಜೆಕ್ಷನ್ ಕೊಡುವವರು, ಫೋನಿನಲ್ಲಿ ಅಥವಾ ವಿಡಿಯೊದಲ್ಲಿ ಸಲಹೆ ಕೊಡುವವರು. ಇವರಲ್ಲಿ ಏಜೆನ್ಸಿಯವರ ಸ್ಥಿತಿ ನಿಜಕ್ಕೂ ಕಷ್ಟದ್ದು. ನರ್ಸ್ ನಮ್ಮ ನೌಕರರಲ್ಲ ಎಂದು ಆಸ್ಪತ್ರೆ ಹೇಳುತ್ತದೆ, ಅವರು ಸ್ವತಂತ್ರ ಗುತ್ತಿಗೆದಾರರು ಎಂದು ಏಜೆನ್ಸಿ ಹೇಳುತ್ತದೆ. ಇಬ್ಬರ ಪಾಲಿಸಿಯೂ ಇವರ ಹೆಸರಿಗೆ ಬರುವುದಿಲ್ಲ. ಕಾಯಂ ನೌಕರಿಯಲ್ಲಿದ್ದು ರಜೆಯ ದಿನ ಆರೋಗ್ಯ ಶಿಬಿರಕ್ಕೆ ಹೋಗುವವರೂ ಆ ದಿನದ ಮಟ್ಟಿಗೆ ಹೀಗೇ. ಆಸ್ಪತ್ರೆಯ ವಿಮೆ ಡ್ಯೂಟಿಯ ಹೊತ್ತಿಗೆ, ಅದೂ ನಿಮಗೆ ಒಪ್ಪಿಸಿದ ಕೆಲಸಕ್ಕೆ ಮಾತ್ರ. ಪಕ್ಕದ ಮನೆಯವರು ಕೇಳಿದರೆಂದು ಕೊಟ್ಟ ಇಂಜೆಕ್ಷನ್‌ಗೆ ಅದು ಬರುವುದಿಲ್ಲ.

ಸ್ವಂತ ಪಾಲಿಸಿ ಬೇಡ ಎನ್ನುವವರ ಬಲವಾದ ವಾದವೊಂದಿದೆ: ವಿಮೆ ಇದ್ದರೆ ದಾವೆ ಹೂಡುವವರ ಕಣ್ಣು ನಿಮ್ಮ ಮೇಲೆ ಬೀಳುತ್ತದೆ. ದಾವೆಯಲ್ಲಿ ಯಾರ ಹೆಸರು ಸೇರಿಸಬೇಕೆಂದು ವಕೀಲರು ನಿರ್ಧರಿಸುವುದು ಕೇಸ್ ಶೀಟ್ ನೋಡಿ, ಅದರಲ್ಲಿ ಯಾರ ಸಹಿ ಇದೆ ಎಂದು ನೋಡಿ. ಆ ಹಂತದಲ್ಲಿ ಅವರಿಗೆ ನಿಮ್ಮ ಪಾಲಿಸಿಯ ಸುದ್ದಿ ಗೊತ್ತಿರುವುದಿಲ್ಲ. ಆದರೆ ದಾವೆ ಶುರುವಾದ ಮೇಲೆ ದಾಖಲೆ ವಿನಿಮಯದ ಹಂತದಲ್ಲಿ ಅದು ಹೊರಬರಬಹುದು, ಬಂದರೆ ನಿಮ್ಮನ್ನು ಕೇಸಿನಿಂದ ಕೈಬಿಡಲು ಎದುರಾಳಿ ಸ್ವಲ್ಪ ಹಿಂದೇಟು ಹಾಕಬಹುದು. ಈ ಅಪಾಯ ಇರುವುದು ನಿಜ. ಹಾಗಿದ್ದೂ ನಿಮ್ಮದೇ ವಕೀಲರಿಲ್ಲದೆ ಅದೇ ಕೇಸಿನಲ್ಲಿ ಸಿಕ್ಕಿಕೊಂಡಿರುವುದು ಇದಕ್ಕಿಂತ ಕೆಟ್ಟದ್ದು ಎಂದೇ ನಾನು ಹೇಳುತ್ತೇನೆ. ಒಂದು ಎಚ್ಚರಿಕೆ: ನಿಮಗೆ ಸ್ವಂತ ಪಾಲಿಸಿ ಇದೆಯೆಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡು ತಿರುಗಬೇಡಿ.

ಈಗ ಪಾಲಿಸಿಯ ಒಳಗೆ ಹೋಗೋಣ. ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ.

ಹೊಣೆ ಪಾಲಿಸಿಗಳಲ್ಲಿ ಎರಡು ಜಾತಿ. ಅಕರೆನ್ಸ್ ಪಾಲಿಸಿಯಲ್ಲಿ ನೋಡುವುದು ಘಟನೆ ನಡೆದ ದಿನವನ್ನು. ಅಂದು ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ದಾವೆ ಹತ್ತು ವರ್ಷದ ಮೇಲೆ ಬಂದರೂ ರಕ್ಷಣೆ ಸಿಗುತ್ತದೆ. ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ನೋಡುವುದು ಕ್ಲೇಮ್ ಬಂದ ದಿನವನ್ನು. ಅಂದು ಪಾಲಿಸಿ ಚಾಲ್ತಿಯಲ್ಲಿರಬೇಕು, ಜೊತೆಗೆ ಘಟನೆ ಪಾಲಿಸಿಯ ಪೂರ್ವಾನ್ವಯ ದಿನಾಂಕದ (ರಕ್ಷಣೆ ಯಾವ ದಿನದಿಂದ ಲೆಕ್ಕ ಎಂದು ಪಾಲಿಸಿಯಲ್ಲಿ ಬರೆದ ದಿನ) ನಂತರ ನಡೆದಿರಬೇಕು. ಒಂದು ಉದಾಹರಣೆ. ನೀವು 2020ರಿಂದ 2023ರವರೆಗೆ ಕ್ಲೇಮ್ಸ್ ಮೇಡ್ ಪಾಲಿಸಿ ಕಟ್ಟಿದಿರಿ. ಘಟನೆ ನಡೆದದ್ದು 2022ರಲ್ಲಿ. 2023ರಲ್ಲಿ ಕೆಲಸ ಬಿಟ್ಟು ಪಾಲಿಸಿ ನಿಲ್ಲಿಸಿದಿರಿ. ನೋಟಿಸ್ ಬಂದದ್ದು 2024ರಲ್ಲಿ. ಘಟನೆಯ ದಿನ ಪ್ರೀಮಿಯಂ ಕಟ್ಟಿದ್ದರೂ ನಿಮಗೆ ಸಿಗುವುದು ಏನೂ ಇಲ್ಲ. ಇದನ್ನು ತಪ್ಪಿಸಲು ಪಾಲಿಸಿ ನಿಲ್ಲಿಸುವಾಗ, ಆಮೇಲೆ ಬರುವ ಕ್ಲೇಮ್‌ಗೂ ರಕ್ಷಣೆ ಕೊಡುವ ಟೇಲ್ ಕವರ್ ಎಂಬ ವಿಸ್ತರಣೆಯನ್ನು ಕೊಳ್ಳಬೇಕು, ಅದನ್ನು ಕೊಳ್ಳುವ ಅವಕಾಶ ಕೆಲವೇ ವಾರ ತೆರೆದಿರುತ್ತದೆ. ಕಂಪನಿ ಬದಲಿಸುವಾಗಲೂ ಹಳೆಯ ಪೂರ್ವಾನ್ವಯ ದಿನಾಂಕವನ್ನೇ ಹೊಸ ಪಾಲಿಸಿಯಲ್ಲಿ ಬರೆಸಿ. ಹೊಸ ದಿನಾಂಕ ಬಿದ್ದರೆ ಹಿಂದಿನ ವರ್ಷಗಳೆಲ್ಲ ರಕ್ಷಣೆಯಿಂದ ಹೊರಗೆ. ಅಗ್ಗದ ಪ್ರೀಮಿಯಂ ನೋಡಿ ಕಂಪನಿ ಬದಲಿಸಿದವರು ಕಳೆದುಕೊಳ್ಳುವುದು ಸಾಮಾನ್ಯವಾಗಿ ಇದನ್ನೇ.

ಹೆರಿಗೆ ವಾರ್ಡು, ನವಜಾತ ಶಿಶುಗಳ ಐಸಿಯು, ಮಕ್ಕಳ ವಾರ್ಡಿನಲ್ಲಿ ಇರುವವರಿಗೆ ಅಕರೆನ್ಸ್ ಪಾಲಿಸಿಯೇ ಮೇಲು. ಮಕ್ಕಳ ವಿಷಯದಲ್ಲಿ ದಾವೆ ಹೂಡುವ ಕಾಲಮಿತಿಯ ಎಣಿಕೆ ತಡವಾಗಿ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಮಗುವಿಗೆ 18 ತುಂಬಿದ ಮೇಲೆ ಮೂರು ವರ್ಷ, ಅಂದರೆ 21ನೇ ಹುಟ್ಟುಹಬ್ಬದವರೆಗೆ, ಹೆರಿಗೆಯ ಹೊತ್ತಿನ ತಪ್ಪಿಗೆ ದಾವೆ ಹೂಡಬಹುದು. ಅಷ್ಟು ಹೊತ್ತಿಗೆ ಆ ನರ್ಸ್ ನಿವೃತ್ತರಾಗಿರಲೂಬಹುದು.

ಮೊತ್ತದ ಮಿತಿಯಲ್ಲಿ ಎರಡು ಅಂಕಿ ಇರುತ್ತವೆ: ಒಂದು ಕ್ಲೇಮ್‌ಗೆ ಇಷ್ಟು, ವರ್ಷಕ್ಕೆ ಒಟ್ಟು ಇಷ್ಟು. ಅಮೆರಿಕದ ನರ್ಸ್‌ಗಳ ಪಾಲಿಸಿಗಳಲ್ಲಿ ಒಂದು ಕ್ಲೇಮ್‌ಗೆ 10 ಲಕ್ಷ ಡಾಲರ್ ಎಂಬುದು ಸಾಮಾನ್ಯ. ಆ ದೊಡ್ಡ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳುವ ಮೊದಲು ಎರಡು ಸಂಗತಿ ಕೇಳಿ. ವಕೀಲರ ಖರ್ಚು ಆ ಮಿತಿಯ ಒಳಗೋ ಹೊರಗೋ? ಒಳಗೆ ಎಂದಾದರೆ ಕೇಸು ಎಳೆದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕರಗುತ್ತದೆ. ಲೈಸೆನ್ಸ್ ವಿಚಾರಣೆಗೆ ಇರುವ ಉಪಮಿತಿ ಎಷ್ಟು? ಅದು ಮುಖ್ಯ ಮಿತಿಗಿಂತ ಬಹಳ ಚಿಕ್ಕದು, ಅಮೆರಿಕದಲ್ಲಿ ಅನೇಕ ಕಡೆ 25,000 ಡಾಲರ್ ಆಸುಪಾಸು. ಕೆಲವು ಕಂಪನಿಗಳು ಅದನ್ನೂ ಮರುಪಾವತಿಯಾಗಿ ಮಾತ್ರ ಕೊಡುತ್ತವೆ: ವಕೀಲರಿಗೆ ಮೊದಲು ನೀವು ಕೊಡಬೇಕು, ಬಿಲ್ ಕಳಿಸಿ ಆಮೇಲೆ ಪಡೆಯಬೇಕು. ಪರಿಹಾರದ ಮಿತಿ ಹೆಚ್ಚಿರುವ ಪಾಲಿಸಿಗಿಂತ ಈ ಉಪಮಿತಿ ಹೆಚ್ಚಿರುವ ಪಾಲಿಸಿಯನ್ನೇ ಆಯ್ದುಕೊಳ್ಳಿ ಎಂಬುದು ನನ್ನ ಸಲಹೆ.

ರಾಜಿಗೆ ನಿಮ್ಮ ಒಪ್ಪಿಗೆ ಬೇಕೆಂಬ ಷರತ್ತು ಪಾಲಿಸಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕೇಸು ನಡೆಸುವುದಕ್ಕಿಂತ ದುಡ್ಡು ಕೊಟ್ಟು ಮುಗಿಸುವುದು ಅಗ್ಗ ಎಂದು ಕಂಪನಿ ನಿಮ್ಮನ್ನು ಕೇಳದೆಯೇ ರಾಜಿಯಾಗಬಹುದು. ಅಮೆರಿಕದಲ್ಲಿ ನರ್ಸ್ ಪರವಾಗಿ ವಿಮಾ ಕಂಪನಿ ಪರಿಹಾರ ಕೊಟ್ಟರೆ ಅದು 1990ರಿಂದ ನಡೆಯುತ್ತಿರುವ ರಾಷ್ಟ್ರೀಯ ದತ್ತಾಂಶ ಬ್ಯಾಂಕಿಗೆ ವರದಿಯಾಗುತ್ತದೆ, ಮುಂದೆ ಕೆಲಸ ಕೊಡುವ ಆಸ್ಪತ್ರೆಗಳು ಅದನ್ನು ನೋಡಬಹುದು. ತಪ್ಪೇ ಮಾಡದವರ ಹೆಸರಿನ ಮುಂದೆಯೂ ಹೀಗೆ ದಾಖಲೆ ಉಳಿದುಬಿಡಬಹುದು. ಒಪ್ಪಿಗೆಯ ಷರತ್ತು ಇದ್ದರೂ ಅದರ ಬೆನ್ನಿಗೇ ಇನ್ನೊಂದು ಸಾಲು ಇರಬಹುದು: ಕಂಪನಿ ಸೂಚಿಸಿದ ರಾಜಿಯನ್ನು ನೀವು ನಿರಾಕರಿಸಿದರೆ, ಆಮೇಲೆ ಬರುವ ಹೆಚ್ಚುವರಿ ಮೊತ್ತ ನಿಮ್ಮದೇ. ಆ ಸಾಲಿದ್ದರೆ ಒಪ್ಪಿಗೆಯ ಹಕ್ಕು ಹೆಸರಿಗೆ ಮಾತ್ರ.

"ಬೇರೆ ವಿಮೆ" ಎಂಬ ಷರತ್ತನ್ನೂ ಓದಿ. ಆಸ್ಪತ್ರೆಯ ಪಾಲಿಸಿ ಮತ್ತು ನಿಮ್ಮದು ಎರಡೂ "ಇನ್ನೊಂದು ಮೊದಲು ಕೊಡಲಿ, ಉಳಿದದ್ದನ್ನು ನಾವು ಕೊಡುತ್ತೇವೆ" ಎಂದರೆ ಕಂಪನಿಗಳ ನಡುವೆ ಜಗಳ ಬೀಳುತ್ತದೆ, ಅಷ್ಟು ದಿನ ವಕೀಲರ ನೇಮಕವೇ ಆಗುವುದಿಲ್ಲ. ಕುಡಿದು ಅಥವಾ ಮಾದಕ ವಸ್ತು ಸೇವಿಸಿ ಮಾಡಿದ ಕೆಲಸ, ಲೈಂಗಿಕ ದುರ್ವರ್ತನೆ, ಬೇಕೆಂದೇ ಮಾಡಿದ ಹಾನಿ, ದಾಖಲೆ ತಿದ್ದುವಿಕೆ, ಲೈಸೆನ್ಸ್ ಮುಗಿದ ಮೇಲೆ ಮಾಡಿದ ಕೆಲಸ, ಇವುಗಳಿಗೆ ಸಾಮಾನ್ಯವಾಗಿ ಎಲ್ಲಿಯೂ ರಕ್ಷಣೆಯಿಲ್ಲ.

ಪ್ರಪೋಸಲ್ ಫಾರಂ ತುಂಬುವಾಗ ಹುದ್ದೆಯ ಹೆಸರು ಬರೆದು ಬಿಟ್ಟರೆ ಸಾಲದು, ನೀವು ನಿಜವಾಗಿ ಮಾಡುವ ಕೆಲಸ ಬರೆಯಿರಿ. "ಸ್ಟಾಫ್ ನರ್ಸ್" ಎಂದು ಬರೆದು ವಾರಾಂತ್ಯದಲ್ಲಿ ಡಯಾಲಿಸಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದರೆ, ಅಲ್ಲಿನ ತಪ್ಪಿಗೆ ಕಂಪನಿ ಕೈ ಚೆಲ್ಲಬಹುದು. ಹಿಂದಿನ ದೂರು, ಮೆಮೊ, ಗೊತ್ತಿರುವ ಘಟನೆಗಳನ್ನೂ ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟದ್ದು ಹೊರಬರುವುದು ಸಾಮಾನ್ಯವಾಗಿ ಕ್ಲೇಮ್ ಬಂದ ಮೇಲೆ, ಆಗ ಇಡೀ ಪಾಲಿಸಿಯೇ ಅನೂರ್ಜಿತವಾಗುವ ಅಪಾಯವಿದೆ. ಯೂನಿಯನ್ ಅಥವಾ ಸಂಘದ ಸದಸ್ಯತ್ವದ ಜೊತೆಗೆ ಬರುವ ರಕ್ಷಣೆ ಒಳ್ಳೆಯದೇ, ಆದರೆ ಅದು ವಿಮಾ ಒಪ್ಪಂದವೋ ಸಂಘದ ವಿವೇಚನೆಗೆ ಬಿಟ್ಟ ಸಹಾಯವೋ ಎಂದು ಲಿಖಿತವಾಗಿ ಕೇಳಿ. ಎರಡನೆಯದಾದರೆ ಸಂಘ ಕೊಡಲೂಬಹುದು, ಕೊಡದೆ ಇರಲೂಬಹುದು.

ಒಟ್ಟು ಲೆಕ್ಕ ಹಾಕಲು ಆಸ್ಪತ್ರೆಯ ಆಡಳಿತ ಕಚೇರಿಗೆ ಒಂದು ಪತ್ರ ಬರೆದು ಹೀಗೆ ಕೇಳಿ. ನಿಮ್ಮ ಪಾಲಿಸಿಯಲ್ಲಿ ನರ್ಸ್‌ಗಳೂ ವಿಮೆ ಪಡೆದವರ ಪಟ್ಟಿಯಲ್ಲಿದ್ದಾರೆಯೇ? ಕೌನ್ಸಿಲ್ ವಿಚಾರಣೆಗೆ ರಕ್ಷಣೆ ಇದೆಯೇ? ಆಸ್ಪತ್ರೆಗೂ ನರ್ಸ್‌ಗೂ ಹಿತಾಸಕ್ತಿಯ ಘರ್ಷಣೆ ಬಂದರೆ ಪ್ರತ್ಯೇಕ ವಕೀಲರನ್ನು ಕೊಡುತ್ತೀರಾ? ಕೆಲಸ ಬಿಟ್ಟ ಮೇಲೆ ಬರುವ ಕ್ಲೇಮ್‌ಗೆ ರಕ್ಷಣೆ ಇದೆಯೇ? ನಾಲ್ಕಕ್ಕೂ ಲಿಖಿತವಾಗಿ ಹೌದು ಎಂದು ಬಂದರೆ, ನೀವು ಬೇರೆಲ್ಲೂ ಕೆಲಸ ಮಾಡದಿದ್ದರೆ, ಸ್ವಂತ ಪಾಲಿಸಿ ಇಲ್ಲದೆ ನಡೆಯುತ್ತದೆ. ಇಂಥ ಉತ್ತರ ಬರುವುದು ಕಡಿಮೆ. ಒಂದಕ್ಕೆ ಇಲ್ಲವೆಂದರೂ, ಅಥವಾ ಉತ್ತರವೇ ಬಾರದಿದ್ದರೂ, ಪಾಲಿಸಿ ಕೊಳ್ಳಿ.

ಕೊಂಡ ಮೇಲೂ ಅದನ್ನು ಕೈಯಾರೆ ಹಾಳು ಮಾಡಿಕೊಳ್ಳುವ ದಾರಿಗಳಿವೆ. ಮೊದಲನೆಯದು ತಡವಾಗಿ ತಿಳಿಸುವುದು. ದಾವೆ ಬರಲಿ ಆಮೇಲೆ ನೋಡೋಣ ಎಂದು ಕಾಯಬೇಡಿ. ರೋಗಿಗೆ ಗಂಭೀರ ಹಾನಿಯಾಗಿದೆ, ಕುಟುಂಬದವರು ಕೇಸ್ ಶೀಟ್ ನಕಲು ಕೇಳಿದ್ದಾರೆ, ಆಸ್ಪತ್ರೆ ಒಳ ತನಿಖೆ ಶುರು ಮಾಡಿದೆ ಎಂಬುದು ತಿಳಿದಾಗಲೇ ಕಂಪನಿಗೆ ಇಮೇಲ್ ಕಳಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಕ್ಲೇಮ್ಸ್ ಮೇಡ್ ಪಾಲಿಸಿಗಳಲ್ಲಿ ಹೀಗೆ ತಿಳಿಸಿದ ಘಟನೆಯನ್ನು ಸಾಮಾನ್ಯವಾಗಿ ಆ ವರ್ಷದ ಕ್ಲೇಮ್ ಎಂದೇ ಎಣಿಸುತ್ತಾರೆ. ಎರಡನೆಯದು, ಕೌನ್ಸಿಲ್‌ನಿಂದ ಬಂದ ಪತ್ರಕ್ಕೆ ತಾವೇ ಉತ್ತರ ಬರೆದು ಕಳಿಸಿಬಿಡುವುದು. ಗಡುವು ಕಡಿಮೆ ಇರುತ್ತದೆ, ಗಾಬರಿಯಲ್ಲಿ ನಾಲ್ಕು ಪುಟ ವಿವರಣೆ ಹೋಗುತ್ತದೆ, ಅದರ ಪ್ರತಿ ಸಾಲೂ ಮುಂದೆ ಎದುರಿಗೆ ಬರುತ್ತದೆ. ಮೊದಲು ವಕೀಲರಿಗೆ ಕೊಡಿ, ಬೇಕಿದ್ದರೆ ಗಡುವು ವಿಸ್ತರಣೆ ಕೇಳಿ.

ಮೂರನೆಯದು ಚಾರ್ಟ್, ಅಂದರೆ ಕೇಸ್ ಶೀಟ್, ತಿದ್ದುವುದು. ಬರೆಯುವುದು ಬಿಟ್ಟುಹೋಗಿದ್ದರೆ ನಡುವೆ ತುರುಕಬೇಡಿ. ಹೊಸ ಸಾಲಿನಲ್ಲಿ ಹೀಗೆ ಬರೆಯಿರಿ: "ತಡವಾದ ನಮೂದು. ಈಗ 14ನೇ ತಾರೀಖು ಬೆಳಿಗ್ಗೆ 6.40. 13ರ ರಾತ್ರಿ 11.15ಕ್ಕೆ ರಕ್ತದೊತ್ತಡ 84/50. 11.20ಕ್ಕೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ತಿಳಿಸಲಾಯಿತು, ಬರುತ್ತೇನೆಂದರು. 11.50ಕ್ಕೆ ಮತ್ತೆ ಫೋನ್. ತುರ್ತಿನ ಕಾರಣ ಆಗ ಬರೆಯಲಾಗಲಿಲ್ಲ." ಕೆಳಗೆ ಸಹಿ. ನೋಟಿಸ್ ಬಂದ ಮೇಲೆ ಇಂಥ ನಮೂದನ್ನೂ ಸೇರಿಸಬೇಡಿ. ಕಂಪ್ಯೂಟರ್ ದಾಖಲೆಯಲ್ಲಿ ಯಾರು ಎಷ್ಟು ಹೊತ್ತಿಗೆ ಯಾವ ಪುಟ ತೆರೆದರು ಎಂಬುದೂ ಉಳಿದಿರುತ್ತದೆ. ತಿದ್ದಿದ ಚಾರ್ಟ್ ಗೆಲ್ಲಬಹುದಾಗಿದ್ದ ಕೇಸನ್ನೂ ಸೋಲಿಸುತ್ತದೆ, ಪಾಲಿಸಿಯ ರಕ್ಷಣೆಯನ್ನೂ ಕಳೆಯುತ್ತದೆ. ಘಟನಾ ವರದಿ ಬರೆಯುವುದು ಬೇರೆ ಫಾರಂನಲ್ಲಿ. ವರದಿ ಬರೆದಿದ್ದೇನೆ ಎಂಬ ಮಾತನ್ನು ಕೇಸ್ ಶೀಟಿನಲ್ಲಿ ಹಾಕಬೇಡಿ.

ಅಕರೆನ್ಸ್ ಪಾಲಿಸಿಯ ಕಾಗದಗಳನ್ನು ಅವಧಿ ಮುಗಿಯಿತೆಂದು ಎಸೆಯಬೇಡಿ. ಪ್ರತಿ ವರ್ಷದ ಪಾಲಿಸಿ, ಅದರ ಜೊತೆ ಬಂದ ಷರತ್ತುಗಳ ಪುಸ್ತಿಕೆ, ಪ್ರೀಮಿಯಂ ಕಟ್ಟಿದ ರಸೀದಿ, ಆ ವರ್ಷ ಎಲ್ಲೆಲ್ಲಿ ಕೆಲಸ ಮಾಡಿದಿರಿ ಎಂಬ ಒಂದು ಸಾಲಿನ ಟಿಪ್ಪಣಿ, ಇಷ್ಟನ್ನು ಒಂದೇ ಫೈಲಿನಲ್ಲಿ ಇಟ್ಟು, ಸ್ಕ್ಯಾನ್ ಮಾಡಿದ ಪ್ರತಿಯನ್ನು ಬೇರೆ ಕಡೆ ಇಡಿ. ಮಕ್ಕಳ ವಾರ್ಡಿನಲ್ಲಿ, ಹೆರಿಗೆ ವಾರ್ಡಿನಲ್ಲಿ ದುಡಿದವರು ಕನಿಷ್ಠ 25 ವರ್ಷ ಇಟ್ಟುಕೊಳ್ಳಬೇಕು. ವಿಮಾ ಕಂಪನಿಗಳು ವಿಲೀನವಾಗುತ್ತವೆ, ಹೆಸರು ಬದಲಿಸುತ್ತವೆ. ಪಾಲಿಸಿ ಸಂಖ್ಯೆ ನಿಮ್ಮ ಕೈಯಲ್ಲಿದ್ದರೆ ಹಳೆಯ ಪಾಲಿಸಿ ಈಗ ಯಾವ ಕಂಪನಿಯ ಹೊಣೆ ಎಂದು ಹುಡುಕಿ ತೆಗೆಯಬಹುದು.